ಹೋವರೋ, ಓವರೋ

ಹೆಮ್ಮರಗಾಲದ ಕಡೆ ಹುಟ್ಟಿದ ನನ್ನಂಥವರ ನಾಲಿಗೆಗೆ ಹಕಾರ ಹತ್ತುವುದಿಲ್ಲ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ಜೊತೆಯವರು ಇದನ್ನೇ ಆಡಿಕೊಂಡು ನಕ್ಕಿದ್ದರು. ಆ ರೋಷಕ್ಕೆ, ತಿ. ನರಸೀಪುರದ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದ ಮೇಲೆ, ನಂಜನಗೂಡಿನಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ 'ಹ, ಹಾ, ಹಿ, ಹೀ' ಎಂದು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಮುದುಕಿ "ಉಬ್ಬಸವಾ ಮಗ? ಬಿಸಿನೀರ್ ಕುಡಿ" ಎಂದು ಬೆನ್ನು ನೀವಿದಳು.

ಐದು ವರ್ಷವಾದರೂ ನಾನು ಟೆಂಪರರಿಯಾಗಿಯೇ ಇದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಅಂತೂ ಇನ್‌ಸ್ಪೆಕ್ಷನ್ ನಿಗದಿಯಾಯಿತು. ಮೈಸೂರಿನ ಸಾಹೇಬರು ನನ್ನ ಒಂದು ಪಾಠ ನೋಡಿ ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಮದುವೆಯಾಗಿ ಆಗಲೇ ಒಂದು ವರ್ಷ. 'ಟೆಂಪರರಿ ಅಳಿಯಂದಿರು' ಎಂದು ಮಾವ ಮೊದಲು ನಗುತ್ತಾ ಹೇಳುತ್ತಿದ್ದರು, ಈಚೆಗೆ ನಗುವುದನ್ನು ಬಿಟ್ಟಿದ್ದರು.

ಆ ದಿನದ ಪಾಠದಲ್ಲಿ ಗದ್ದೆಯ ಮೇಲೆ ಹದ್ದೊಂದು ಹೋವರ್ ಮಾಡುತ್ತಿತ್ತು. ಹಿಂದಿನ ದಿನವೇ ಸ್ಟಾಫ್ ರೂಮಿನ ದಪ್ಪ ಡಿಕ್ಷನರಿ ತೆಗೆದು ನೋಡಿದ್ದೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು ಎಂಬುದು ಮೊದಲ ಅರ್ಥ. ಹೋಗಲೂ ಆಗದೆ ಇರಲೂ ಆಗದೆ ಯಾರದೋ ಸುತ್ತ ಸುಳಿದಾಡುವುದು ಎರಡನೆಯದು. ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಡುವೆ ಉಳಿಯುವುದು ಮೂರನೆಯದು. ಮೂರನ್ನೂ ಓದಿ ನನಗೆ ಸಿಟ್ಟೇ ಬಂತು, ಯಾರೋ ನನ್ನ ಸರ್ವಿಸ್ ರಿಜಿಸ್ಟರ್ ನೋಡಿ ಬರೆದ ಹಾಗಿತ್ತು. ಇನ್ನು ಪದದ ಹುಟ್ಟು? ಕಾದು ನಿಲ್ಲು ಎಂಬರ್ಥದ ಯಾವುದೋ ಹಳೆಯ ಮಾತಿನಿಂದ ಬಂದದ್ದಂತೆ, ಅದು ಎಲ್ಲಿಂದ ಬಂತೋ ತಿಳಿಯದಂತೆ. ಎರಡು ಕೈಯಲ್ಲಿ ಎತ್ತಬೇಕಾದ ಪುಸ್ತಕ, ಕೊನೆಗೆ 'ತಿಳಿಯದು' ಎನ್ನುವುದಕ್ಕೆ ಅಷ್ಟು ಭಾರ ಯಾಕೆ!

ಮರುದಿನ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಬೋರ್ಡಿನ ಮೇಲೆ ಪದ ಬರೆದು ಓದಿಸಿದೆ. ನಲವತ್ತು ಬಾಯಿ ಒಟ್ಟಿಗೆ "ಓವರ್" ಎಂದವು.

"ಹೋ! ಹೋ!" ಎಂದು ಎತ್ತು ನಿಲ್ಲಿಸುವವನ ಹಾಗೆ ಕೂಗಿದೆ. "ಅರ್ಥ ಯಾರು ಹೇಳ್ತೀರಿ?"

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಮುಗೀತು ಅಂತ ಸಾ. ಅದ್ದು ಸತ್ತೋಯ್ತು."

ಸತ್ತ ಹದ್ದನ್ನು ಬದುಕಿಸದೆ ವಿಧಿಯಿರಲಿಲ್ಲ. ಎರಡು ಕೈ ಚಾಚಿ ಒಂಟಿಕಾಲಲ್ಲಿ ನಿಂತೆ. "ನೋಡಿ, ಹದ್ದು ಹೀಗೆ ನಿಂತಲ್ಲೇ ನಿಂತಿದೆ. ಇದೇನು?"

ಮಕ್ಕಳು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಾಹೇಬರು ಕೇಳಿದರು. "ಓವರಾ?"

ಪಾಠ ಮುಗಿಯಿತೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. "ಇನ್ನೂ ಇಲ್ಲ ಸರ್" ಎಂದೆ, ಕಾಲು ಇಳಿಸದೆ.

ಅವರು ಹುಬ್ಬು ಗಂಟಿಕ್ಕಿದರು. "ಸರ್ಯಾಗಿ ನೋಡ್ರೀ. ಇದು ಓವರ್ ತಾನೆ?"

ಸಾಹೇಬರಿಗೆ ಹೊಟ್ಟೆ ಹಸಿದಿರಬೇಕು. ಅಧಿಕಾರಿಗಳ ಎದುರು ವಾದ ಬೇಡವೆಂದು "ಓವರ್ ಸರ್" ಎಂದು ರೆಕ್ಕೆ ಮಡಚಿ, ಬೋರ್ಡು ಒರೆಸಿ, ಮಕ್ಕಳನ್ನು ಆಚೆ ಬಿಟ್ಟೆ. ಹನ್ನೆರಡು ನಿಮಿಷಕ್ಕೆ ಪಾಠ ಮುಗಿದಿತ್ತು.

ಹೆಡ್‌ಮಾಸ್ಟರ ಕೋಣೆಯಲ್ಲಿ ಸಾಹೇಬರು ಕೆಂಡವಾಗಿದ್ದರು. "ಅರ್ಧಕ್ಕೇ ಯಾಕ್ರೀ ನಿಲ್ಸಿದ್ರಿ?"

"ತಾವೇ ಓವರಾ ಅಂತ ಕೇಳಿದ್ರಿ ಸರ್."

"ನಾನ್ ಕೇಳಿದ್ದು ಓವರಾ ಅಂತ ಕಣ್ರೀ! ಓವರಾ ಅಂತ ಅಲ್ಲ!"

ಆಗ ಹೊಳೆಯಿತು. ಅವರು ಕೇಳಿದ್ದು ಹೋವರ್. ಅವರ ಹಕಾರವೂ ನಮ್ಮ ಕಡೆಯ ಯಾವುದೋ ಊರಿನಲ್ಲೇ ಉಳಿದುಬಿಟ್ಟಿದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಕೆಲಸ ಹೋಗುತ್ತದೆ. ನನ್ನನ್ನು ನೋಡಿ ನಕ್ಕವರ ಮುಖಗಳು ನೆನಪಾದವು. ಅವರಂತೆ ಆಗಲು ಮನಸ್ಸು ಬರಲಿಲ್ಲ. "ನನ್ನ ಕಿವಿ ಸ್ವಲ್ಪ ಮಂದ ಸರ್" ಎಂದುಬಿಟ್ಟೆ.

'ಕಿವಿಯ ಬಗ್ಗೆ ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ತೀರ್ಮಾನವಿಲ್ಲ' ಎಂದು ಬರೆದು ಅವರು ಹೊರಟುಹೋದರು.

ನಂಜನಗೂಡಿನ ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ್ದನ್ನೆಲ್ಲ ತಿರುಗಿ ಹೇಳಿದೆ. ಕಿವಿ ಎರಡೂ ಚೆನ್ನಾಗಿವೆ ಎಂದು ಬರೆದುಕೊಟ್ಟರು. ಹೆಡ್‌ಮಾಸ್ಟರು ಅದನ್ನು ಓದಿ ತಲೆ ಮೇಲೆ ಕೈ ಹೊತ್ತರು. "ಕಿವುಡ ಅಂತ ಬರ್ಸಿದ್ರೆ ಕೆಲ್ಸ ಇಲ್ಲ. ಚೆನ್ನಾಗವೆ ಅಂದ್ರೆ ಸಾಹೇಬ್ರಿಗೆ ಸುಳ್ ಹೇಳ್ದಂಗಾಯ್ತು. ಅದ್ಯಾವ ಘಳಿಗೇಲಿ ಹುಟ್ಟಿದ್ರಿ ಮೇಷ್ಟ್ರೆ?"

ಕಾಗದ ಹಿಡಿದು ನಾನೇ ಮೈಸೂರಿಗೆ ಹೋದೆ. ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಿವಿ ಸರ್ಯಾಗೇ ಅದೆ."

"ಹೌದು ಸರ್."

"ಮತ್ತೆ ಅವತ್ತು ಕೇಳ್ಸಿದ್ದೇನು?"

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಹುಡುಕತೊಡಗಿದೆ.

"ಯಾವೂರ್ರೀ ನಿಮ್ದು?"

ಎಷ್ಟೋ ವರ್ಷದಿಂದ ಬಸ್ಸಿನಲ್ಲಿ ತಿದ್ದಿಕೊಂಡ ಹೆಸರು. ಆದರೆ ಭಯಕ್ಕೆ ಅವ್ವನ ಬಾಯಿಯ ಹೆಸರೇ ಬಂತು. "ಎಮ್ಮರಗಾಲ ಸಾ."

ಅವರ ಮುಖ ಕೆಂಪಾಯಿತು. ಫೈಲು ಎಳೆದುಕೊಂಡು ಖಾಯಂ ಆರ್ಡರಿಗೆ ಸಹಿ ಹಾಕಿದರು. ತಲೆ ಎತ್ತದೆ, ಗುಮಾಸ್ತರಿಗೆ ಕೇಳಿಸದಷ್ಟು ಮೆಲ್ಲಗೆ, "ಯಾರ್ಗೂ ಏಳ್ಬ್ಯಾಡಿ" ಎಂದರು.