ಹಿಂದಿನ ಸೀಟಿನ ಸಿನಿಮಾ

ದೆವ್ವ, ಆತ್ಮ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ಕಾಫಿ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಿದ್ದವಳು ನಾನು. ವಿಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಸ್ಲೈಡಿನಲ್ಲಿ ಕಂಡರೆ ಇದೆ, ಕಾಣದಿದ್ದರೆ ಇಲ್ಲ. ನೀವೂ ಅಂಥವರೇ ಆಗಿದ್ದರೆ ಇದನ್ನು ನಂಬಬೇಡಿ, ನನಗೇನೂ ಬೇಸರವಿಲ್ಲ. ನಡೆದದ್ದನ್ನು ಮಾತ್ರ ಹೇಳಿಬಿಡುತ್ತೇನೆ.

ನನ್ನ ಅಮ್ಮನಿಗೆ ಮೂವತ್ತು ದಾಟುವ ಹೊತ್ತಿಗೇ ಕಣ್ಣು ಹೋಗಿತ್ತು. ಸಿನಿಮಾ ಹುಚ್ಚು ಮಾತ್ರ ಹೋಗಲಿಲ್ಲ. ಅಪ್ಪ ತಿಂಗಳಿಗೊಮ್ಮೆ ಅವಳನ್ನು ರಾಜಾಜಿನಗರದ ಥಿಯೇಟರಿಗೆ ಕರೆದುಕೊಂಡು ಹೋಗಿ, ಅವಳ ಎಡಗಿವಿಯ ಹತ್ತಿರ ಬಾಗಿ ಇಡೀ ಸಿನಿಮಾ ಪಿಸುಗುಟ್ಟುತ್ತಿದ್ದರು. ಮುಂದಿನ ಸಾಲಿನವರು ತಿರುಗಿ "ಶ್!" ಅನ್ನುತ್ತಿದ್ದರು. "ಸಾರ್, ಕಾಮೆಂಟ್ರಿ ಮನೇಲಿ ಕೊಡಿ" ಎಂದು ಒಬ್ಬರು ಗದರಿದ್ದೂ ಉಂಟು. ಅವಳಿಗೆ ಕಣ್ಣು ಕಾಣುವುದಿಲ್ಲ ಎಂದು ಅಪ್ಪ ಯಾರಿಗೂ ಹೇಳಲಿಲ್ಲ. ಹೇಳುವುದು ಅಮ್ಮನಿಗೆ ಇಷ್ಟವಿರಲಿಲ್ಲ. ನನಗಾಗ ಹನ್ನೆರಡೋ ಹದಿಮೂರೋ. ಮಾನ ಹೋಯಿತೆಂದು ನಾಲ್ಕು ಸಾಲು ಹಿಂದೆ, ಬೇರೆ ಯಾರದೋ ಮಗಳ ಹಾಗೆ ಕೂರುತ್ತಿದ್ದೆ.

ಅಪ್ಪ ಹೋದ ಮೇಲೆ ಅಮ್ಮ ಸಿನಿಮಾದ ಮಾತೇ ಎತ್ತಲಿಲ್ಲ. ಹೀಗೇ ಮೂರು ವರ್ಷ ಕಳೆದಿರಬೇಕು. ಕೆಂಗೇರಿ ಉಪನಗರದ ಆಚೆ ಒಂದು ಬಯಲಿನಲ್ಲಿ ಪರದೆ ಕಟ್ಟಿದ್ದಾರೆ, ಕಾರಿನಲ್ಲೇ ಕೂತು ಸಿನಿಮಾ ನೋಡಬಹುದು ಎಂದು ನಮ್ಮ ಯಜಮಾನರು ಸುದ್ದಿ ತಂದರು. ಮಾತೆಲ್ಲ ಕಾರಿನ ರೇಡಿಯೋದಲ್ಲೇ ಕೇಳುತ್ತದಂತೆ. ನನಗೆ ತಕ್ಷಣ ಹೊಳೆದದ್ದು ಒಂದೇ: ಕಾರಿನೊಳಗೆ ಎಷ್ಟು ಮಾತಾಡಿದರೂ ಶ್ ಅನ್ನುವವರಿಲ್ಲ. ಈ ಸಲ ಅಮ್ಮನಿಗೆ ನಾನೇ ಹೇಳಬೇಕು ಅಂದುಕೊಂಡೆ.

ಶನಿವಾರ ಸಂಜೆ ಏಳರ ಆಟ. ಇವರ ಪಕ್ಕದಲ್ಲಿ ನಾನು, ನನ್ನ ತೊಡೆಯ ಮೇಲೆ ಎಂಟು ವರ್ಷದ ಮಗಳು. ಹಿಂದೆ ಕೂತರೆ ಅರ್ಧ ಪರದೆಯೂ ಕಾಣಲ್ಲ ಎಂದು ಅವಳ ತಕರಾರು. ಇವರ ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಎಡಕ್ಕೆ ಚಕ್ಕುಲಿ, ಮೊಸರನ್ನದ ಬುಟ್ಟಿ.

"ಆ ಬುಟ್ಟಿ ಕೆಳಗಿಡೇ," ಅಂದಳು ಅಮ್ಮ. ಇಟ್ಟೆ.

ಹತ್ತು ನಿಮಿಷ ಹೇಳಿದೆ. "ಈಗ ಅವನು ಬಂದ, ಈಗ ಅವಳು ಅಳ್ತಾ ಇದಾಳೆ." ಆಮೇಲೆ ಕತೆ ನನ್ನನ್ನೇ ಹಿಡಿದುಬಿಟ್ಟಿತು, ನಡುವೆ ಮಗಳ ಪ್ರಶ್ನೆಗಳು ಬೇರೆ. ಹೇಳುವುದನ್ನು ಯಾವಾಗ ನಿಲ್ಲಿಸಿದೆನೋ ನನಗೇ ಗೊತ್ತಿಲ್ಲ. ಕೊನೆಯ ಹೊತ್ತಿಗೆ, ಮಗನನ್ನು ಕಳೆದುಕೊಂಡ ತಾಯಿ ಅವನ ಅಂಗಿ ಹಿಡಿದು ಹೊಲಿಯುತ್ತ ಕೂರುವ ದೃಶ್ಯ ಬಂತು. ಬಹಳ ಹೊತ್ತು ಮಾತಿಲ್ಲ, ಸಂಗೀತವೂ ಇಲ್ಲ. ರೇಡಿಯೋ ಸುಮ್ಮನಾದಾಗ ಅಮ್ಮನ ನೆನಪಾಯಿತು. ತಿರುಗಿ ನೋಡಿದೆ. ಅಮ್ಮ ತಲೆಯನ್ನು ಎಡಕ್ಕೆ ವಾಲಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಮೆಲ್ಲಗೆ "ಹೂಂ, ಹೂಂ" ಅನ್ನುತ್ತಿದ್ದಳು.

ವಾಪಸು ಬರುವಾಗ ಮೈಸೂರು ರಸ್ತೆಯಲ್ಲಿ, "ಬೇಜಾರು ಮಾಡ್ಕೋಬೇಡಮ್ಮ, ಹೇಳೋದೇ ಮರ್ತುಬಿಟ್ಟೆ" ಅಂದೆ.

"ಪರವಾಗಿಲ್ಲ ಬಿಡೇ. ನೀಲಿ ಅಂಗಿಗೆ ಹಸಿರು ಗುಂಡಿ ಹೊಲಿದ್ಲಲ್ಲ, ಕರುಳು ಕಿತ್ತು ಬಂದಂಗಾಯ್ತು ಕಣೇ."

ಗುಂಡಿಯ ಬಣ್ಣವನ್ನು ನಾನು ಗಮನಿಸಿರಲಿಲ್ಲ. ಇವರೂ ಗಮನಿಸಿರಲಿಲ್ಲ. ಮಗಳು ಮಾತ್ರ, "ಹೂಂ ಅಜ್ಜಿ, ಹಸಿರೇ!" ಅಂದಳು.

"ನಿಂಗೆ ಯಾರಮ್ಮ ಹೇಳಿದ್ದು?" ಎಂದು ಅಮ್ಮನನ್ನು ಕೇಳಿದೆ.

ಅಮ್ಮ, "ಪಾಪ, ಇವತ್ತು ಯಾರೂ ಅವರಿಗೆ ಶ್ ಅನ್ಲಿಲ್ಲ" ಅಂದಳು.

ಮಗಳು ಗುಂಡಿಯ ಮಾತು ಗೊಣಗಿರಬೇಕು, ಅದು ಅಮ್ಮನ ಕಿವಿಗೆ ಬಿದ್ದಿರಬೇಕು ಎಂದು ಇವರು ಹೇಳುತ್ತಾರೆ. ಇರಬಹುದು. ನನ್ನ ತೊಡೆಯ ಮೇಲೇ ಇದ್ದ ಮಗಳು ಏನಾದರೂ ಅಂದದ್ದು ನನಗಂತೂ ಕೇಳಿಸಲಿಲ್ಲ.

ಆದರೆ ನನ್ನ ಸಂಕಟ ಬೇರೆ. ಆ ಖಾಲಿ ಸೀಟು ಇದ್ದದ್ದು ನನ್ನ ಬೆನ್ನ ಹಿಂದೆಯೇ. ಅಪ್ಪ ಸಿನಿಮಾ ಹೇಗೆ ಹೇಳುತ್ತಿದ್ದರು ಎಂದು ನನಗೆ ಗೊತ್ತಿಲ್ಲ. ನಾಲ್ಕು ಸಾಲು ಹಿಂದೆ ಕೂತವಳಿಗೆ ಹೇಗೆ ಗೊತ್ತಾಗಬೇಕು? ಒಂದೇ ಒಂದು ಸಲ ಕೇಳಬೇಕು ಅನ್ನಿಸುತ್ತದೆ. ಈಗಲೂ ಆಗಾಗ ಆ ಬಯಲಿಗೆ ಹೋಗುತ್ತೇವೆ. ಬುಟ್ಟಿಯನ್ನು ನಾನೇ ಮೊದಲು ಕೆಳಗಿಡುತ್ತೇನೆ. ಪರದೆಯ ಮೇಲೆ ಮಾತು ನಿಂತ ಕೂಡಲೇ ಮಗಳಿಗೆ "ಶ್" ಅಂದು, ಉಸಿರು ಬಿಗಿಹಿಡಿದು ಕಿವಿಗೊಡುತ್ತೇನೆ. ಹಿಂದಿನಿಂದ ಅಮ್ಮನ "ಹೂಂ" ಒಂದೇ ಕೇಳಿಸುತ್ತದೆ.