ಹೆಚ್ಚಿದ ಡಬ್ಬಿ

ಕೊಡಿಗೇಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿ ಎಂದೂ ಖಾಲಿಯಾದದ್ದಿಲ್ಲ. ತಳ ಕಂಡಾಗಲೆಲ್ಲ ಅದು ‘ಹೆಚ್ಚುತ್ತಿತ್ತು’. ಮುಗಿಯಿತೆಂಬ ಅಮಂಗಳವನ್ನು ಬಾಯಿಗೆ ತಾರದೆ ನಿಮ್ಮ ಮನೆಯ ಹಿರಿಯರೂ ಹಾಗೆಯೇ ಅನ್ನುತ್ತಿದ್ದರೇನೋ. ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದ ನಾನು ಬಾಯಿತಪ್ಪಿ “ಖಾಲಿ” ಎಂದರೆ ಸಾಕು, ವಾರಗಿತ್ತಿ ವಿಮಲಕ್ಕ ಒಳಗಿನಿಂದಲೇ “ಬಿಡ್ತು ಅನ್ನೇ!” ಎಂದು ಗದರುತ್ತಿದ್ದರು.

ಹೋದ ವರ್ಷ ಕ್ಯಾನ್ಸರ್ ಅವರನ್ನು ಮಂಚ ಹಿಡಿಸಿದ ಮೇಲೆ, ಮಧ್ಯಾಹ್ನದ ಮಾತ್ರೆ ಕೊಟ್ಟು ನೋವು ತಗ್ಗುವವರೆಗೆ ನಾನೊಂದು ಇಂಗ್ಲಿಷ್ ಸೈನ್ಸ್ ಫಿಕ್ಷನ್ ಕಾದಂಬರಿಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಅದರಲ್ಲೊಂದು ಸ್ಪೇಸ್‌ಶಿಪ್ಪು, ಅದರ ಉಗ್ರಾಣದಲ್ಲಿ ಕಾಳುಗಳು ಅನಂತ. ಒಂದು ತೆಗೆದರೂ ಅನಂತ, ಕೋಟಿ ತೆಗೆದರೂ ಅನಂತ. ಆದರೆ ಪ್ರಯಾಣಿಕರೂ ಅನಂತವಾಗಿದ್ದರಿಂದ, ತಲೆಗೊಂದರಂತೆ ಹಂಚಿದ ದಿನ ಉಳಿದದ್ದು ಬರೀ ಝೀರೋ. ಇನ್ಫಿನಿಟಿಯಿಂದ ಇನ್ಫಿನಿಟಿಯನ್ನು ಕಳೆದರೆ ಏನು ಉಳಿದೀತೆಂದು ಗಣಿತವೂ ಮಾತು ಕೊಡುವುದಿಲ್ಲ ನೋಡಿ.

“ಅಂದ್ರೆ ಅವರ ಉಗ್ರಾಣಾನೂ ಹೆಚ್ತು ಅನ್ನು,” ವಿಮಲಕ್ಕ ನಕ್ಕರು. “ಇಷ್ಟಕ್ಕೆ ಅಷ್ಟು ದಪ್ಪ ಬುಕ್ ಬೇಕಿತ್ತೇನೇ?”

ಸೊನ್ನೆಗೂ ಸಮೃದ್ಧಿಗೂ ಒಂದೇ ಪದವಿಟ್ಟ ನಮ್ಮ ನುಡಿಯ ಬಗ್ಗೆ ನನಗೆ ಅಂದು ಹೆಮ್ಮೆಯೆನಿಸಿತು. ಆ ಹೆಮ್ಮೆ ಹೆಚ್ಚು ದಿನ ಬಾಳಲಿಲ್ಲ.

ಅವರ ನೋವಿನ ಮಾತ್ರೆ ಆಸ್ಪತ್ರೆಯಲ್ಲಲ್ಲದೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಒಂದು ಸಂಜೆ ನಾನು ಸ್ನಾನಕ್ಕೆ ಹೋಗಿದ್ದಾಗ, ಅವರ ಮಗ ಕಿರಣ ಆಸ್ಪತ್ರೆಯಿಂದಲೇ ಫೋನ್ ಮಾಡಿ ಮಾತ್ರೆ ಇದೆಯೇ ಎಂದು ತಾಯಿಯನ್ನೇ ಕೇಳಿದ್ದಾನೆ. “ಹೆಚ್ಚಿದೆ ಕಣೋ,” ಎಂದಿದ್ದಾರೆ ಅವರು. ಬರಿಗೈಯಲ್ಲಿ ಬಂದವನಿಗೆ ಬರಿದಾದ ಮಾತ್ರೆಡಬ್ಬಿ ತೋರಿಸಿದೆ.

“ಅಮ್ಮ ಹೆಚ್ಚಿದೆ ಅಂದ್ರಲ್ಲ ಚಿಕ್ಕಮ್ಮಾ! ಐ ಥಾಟ್ ಬೇಕಾದಷ್ಟಿದೆ ಅಂತ!”

ಹಾಗೆಯೇ ತಿರುಗಿ ಓಡಿದ. ಹೆಬ್ಬಾಳದ ಫ್ಲೈಓವರ್ ಮೇಲಿನ ಟ್ರಾಫಿಕ್ಕನ್ನು ನೀವು ಬಲ್ಲಿರಿ: ಅರ್ಧ ದಾರಿ, ಉಳಿದದ್ದರಲ್ಲಿ ಅರ್ಧ, ಅದರಲ್ಲೂ ಅರ್ಧ, ಎಷ್ಟು ಸವೆದರೂ ಉಳಿದೇ ಇರುವ ದಾರಿ. ಇತ್ತ ನೋವಿಗೂ ತುದಿಯಿರಲಿಲ್ಲ. ಬದುಕಿಡೀ ಆ ಪದವನ್ನು ಬಾಯಿಗೆ ತಾರದಿದ್ದ ವಿಮಲಕ್ಕ ನನ್ನ ಮಣಿಕಟ್ಟು ಹಿಡಿದು, “ಮುಗೀಲಿ ಕಣೇ, ಮುಗೀಲಿ ಅನ್ನು” ಎಂದರು. ನನ್ನ ಬಾಯಿಂದ ‘ಬಿಡ್ತು’ ಹೊರಡಲಿಲ್ಲ. ಕಿರಣ ಮಾತ್ರೆ ಹಿಡಿದು ಬರುವಷ್ಟರಲ್ಲಿ ಅದರ ಅಗತ್ಯ ತೀರಿತ್ತು.

ಅನಂತದಿಂದ ಒಂದನ್ನು ಕಳೆದರೆ ಅನಂತವೇ ಉಳಿಯುತ್ತದಂತೆ. ನಮ್ಮ ಮನೆ ಅಷ್ಟು ದೊಡ್ಡದಲ್ಲ.

ಇಂದು ಬೆಳಿಗ್ಗೆ ಅಕ್ಕಿಯ ಡಬ್ಬಿಯಲ್ಲಿ ಪಾವು ತಳಕ್ಕೆ ತಾಗಿ ಸದ್ದಾಯಿತು. “ಖಾಲಿ,” ಎಂದೆ, ಗಟ್ಟಿಯಾಗಿಯೇ. ಒಳಗಿನಿಂದ ಯಾರೂ ಗದರಲಿಲ್ಲ.