ನಂಜತ್ತೆಯ ಕೋಣೆ, ಚಿಕ್ಕಪ್ಪನ ಹಾಲ್

ಹಳೆಯ ಮಣ್ಣಿನ ಗೋಡೆ ಕೆಡವುವಾಗ ಒಂದು ವಾಸನೆ ಬರುತ್ತದೆ. ಒಣಹುಲ್ಲು, ಹೊಗೆ, ಎಷ್ಟೋ ಹಬ್ಬಗಳಿಗೆ ಬಳಿದ ಸುಣ್ಣ, ಒಳಗೆಲ್ಲೋ ಉಳಿದಿದ್ದ ತೇವ, ಎಲ್ಲ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ನಮ್ಮ ಕಡೆ ಈಗ ಅಂಥ ಗೋಡೆಗಳೇ ಅಪರೂಪ. ಎಲ್ಲಾದರೂ ಒಂದನ್ನು ಬೀಳಿಸುತ್ತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನಿಮಗೂ ಅಂಥದೊಂದು ವಾಸನೆ ಇದ್ದೀತು. ನನಗೆ ಅದೆಂದರೆ ಅರವತ್ತರ ದಶಕದ ಮೊದಲ ವರ್ಷಗಳು, ಜಾಲಹಳ್ಳಿ ಪಕ್ಕದ ನಮ್ಮ ಮನೆ, ಮತ್ತು ನಂಜತ್ತೆ.

ನಂಜತ್ತೆ ಅಪ್ಪನ ಅಕ್ಕ. ಅವಳನ್ನು ಚಿಕ್ಕಜಾಲಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಇನ್ನೂ ಸಣ್ಣ ವಯಸ್ಸಿನಲ್ಲೇ, ತವರಿಗೆ ಬಂದಳು. ಆಗ ಅಜ್ಜಿಯೂ ಇರಲಿಲ್ಲ, ಚಿಕ್ಕಪ್ಪ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಸೊಂಟದ ಮೇಲಿಟ್ಟುಕೊಂಡೇ ಬೆಳೆಸಿದವಳು ಅವಳು. ನಡುಮನೆಗೆ ಅಂಟಿಕೊಂಡಿದ್ದ ಕತ್ತಲೆ ಕೋಣೆ ಅವಳದು. ರಾಗಿ ತುಂಬಿದ ವಾಡೆಗಳ ನಡುವೆ ಅವಳ ಚಾಪೆ, ಗೋಡೆಯ ಗೂಡಿನಲ್ಲಿ ಬುಡ್ಡಿದೀಪ, ಎಲೆಯಡಿಕೆ ಚೀಲ. ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದರು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿ, ಅವರು ನಕ್ಕಾಗೆಲ್ಲ ಏನೂ ಅರ್ಥವಾಗದೆ ನಗುತ್ತಿದ್ದೆ.

ಚಿಕ್ಕಪ್ಪನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಒಮ್ಮೆ ಕ್ವಾರ್ಟರ್ಸಿನಲ್ಲಿ ಅವನ ಆಫೀಸರ ಮನೆಗೆ ಊಟಕ್ಕೆ ಹೋಗಿಬಂದವನು ವಾರವೆಲ್ಲ ಅದೇ ಮಾತಾಡಿದ. ಅಲ್ಲಿ ಗೋಡೆಯ ಬದಲು ಮರದ ಮಡಿಸುವ ಬಾಗಿಲಂತೆ. ಜನ ಬಂದಾಗ ಸರಿಸಿದರೆ ದೊಡ್ಡ ಹಾಲ್, ಮುಚ್ಚಿದರೆ ಮತ್ತೆ ಎರಡು ಕೋಣೆ. ನಮ್ಮ ಮನೆಗೂ ಹಾಗೇ ಮಾಡಿಸೋಣ ಎಂದ. ಅಪ್ಪನಿಗೆ, "ಅಕ್ಕ ಇನ್ನೆಷ್ಟು ದಿನ ಕತ್ತಲಲ್ಲೇ ಕೂತಿರ್ಬೇಕು? ನಾಲ್ಕು ಜನದ ಮಧ್ಯೆ ಕೂರ್ಲಿ," ಅಂದ. ನಂಜತ್ತೆ ನಕ್ಕು, ಅವನಿಷ್ಟದಂತೆ ಆಗಲಿ ಎಂದು ತಾನೇ ಎದ್ದು ಚಾಪೆ ಸುತ್ತಿದಳು. ನಡುಮನೆಗೂ ಆ ಕೋಣೆಗೂ ನಡುವಿನ ಗೋಡೆ ಬಿತ್ತು, ಅಲ್ಲಿ ಮಡಿಸುವ ಬಾಗಿಲು ಬಂತು. ವಾಡೆಗಳು ಕೊಟ್ಟಿಗೆ ಸೇರಿದವು. ನೆಲಕ್ಕೆ ಕೆಂಪು ಗಾರೆ, ಮೇಲೆ ಬೆತ್ತದ ಕುರ್ಚಿಗಳು, ಮೂಲೆಯಲ್ಲಿ ರೇಡಿಯೋ. ಆ ಜಾಗಕ್ಕೆ ಅಷ್ಟು ಬೆಳಕು ಬರಬಹುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಚಿಕ್ಕಪ್ಪನ ಗೆಳೆಯರು ಹೆಂಡಂದಿರನ್ನು ಕರೆದುಕೊಂಡು ಬರತೊಡಗಿದರು. ತಮಿಳು, ಮಲಯಾಳ, ಕನ್ನಡ ಎಲ್ಲ ಕಲಸಿ ಮಾತಾಡುತ್ತ ಗಂಡಸರು ಹೆಂಗಸರು ಒಟ್ಟಿಗೆ ಕೂರುತ್ತಿದ್ದರು. ಅಮ್ಮ ಕಾಫಿ ಕೊಟ್ಟು, ಹೊಸ್ತಿಲಲ್ಲಿ ಕೂರಬೇಕೋ ನಿಲ್ಲಬೇಕೋ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಂಜತ್ತೆಯನ್ನು ಚಿಕ್ಕಪ್ಪ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸುತ್ತಿದ್ದ. ಒಂದು ಸಲ ಅವರೆಲ್ಲ ಕೇಳಿದರೆಂದು ಸೋಬಾನೆ ಹಾಡಿದಳು. ಚಪ್ಪಾಳೆ ಹೊಡೆದರು. ಅವಳ ಮುಖ ಕೆಂಪಾಯಿತು. ಅದು ಸಂತೋಷವೇ ಎಂದು ನಾನು ಇಂದಿಗೂ ಆಣೆಯಿಟ್ಟು ಹೇಳಬಲ್ಲೆ. ಆದರೆ ಮಳೆಗಾಲಕ್ಕೆ ಮರ ಉಬ್ಬಿ ಬಾಗಿಲು ಅರ್ಧಕ್ಕೇ ನಿಂತಿತು. ಚಿಕ್ಕಪ್ಪ ದಿನಾ ಸಂಜೆ ಎಳೆದೂ ಎಳೆದೂ ಸೋತ. ಬೀದಿಯ ಹೆಂಗಸರು ಮಧ್ಯಾಹ್ನ ಬಂದು, ಕುರ್ಚಿಗಳನ್ನು ನೋಡಿ, ಅಡುಗೆಮನೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಆಮೇಲೆ ಅದೂ ನಿಂತಿತು. ನಂಜತ್ತೆಯ ಚಾಪೆ ಒಲೆಯ ಪಕ್ಕಕ್ಕೆ ಹೋಯಿತು. ಕೇಳಿದರೆ, ಅಲ್ಲಿ ಬೆಚ್ಚಗಿದೆ ಅನ್ನುತ್ತಿದ್ದಳು.

ಒಂದು ಬೆಳಿಗ್ಗೆ ಚಿಕ್ಕಜಾಲಕ್ಕೆ ಹೋಗುತ್ತೇನೆ ಅಂದಳು, ಮೈದುನನ ಮನೆಗೆ. ಅಷ್ಟು ವರ್ಷ ಆ ಊರಿನ ಹೆಸರೆತ್ತದವಳು. ಯಾರೇನಂದರು ಎಂದು ಅಮ್ಮ ವಿಚಾರಿಸಿದಳು. ಯಾರೂ ಏನೂ ಅಂದಿರಲಿಲ್ಲ. ಚಿಕ್ಕಪ್ಪ ಗೋಡೆಯನ್ನು ಮತ್ತೆ ಕಟ್ಟಿಸುತ್ತೇನೆ ಅಂದ. ಅದಕ್ಕೂ ಬೇಡವೆಂದಳು, ಹಾಲ್ ಚೆನ್ನಾಗಿದೆಯೆಂದಳು. ನನ್ನ ಜಡೆ ಹೆಣೆಯುತ್ತ ಮಾತ್ರ ಮೆಲ್ಲಗೆ ಹೇಳಿದಳು: "ಬಾಗ್ಲು ತೆಗುದ್ರೂ ನಮ್ಮನೇನೆ, ಮುಚ್ಚಿದ್ರೂ ನಮ್ಮನೇನೆ. ನಾನು ಯಾವ ಕಡೆ ಇರ್ಬೇಕು ಅಂತ ಗೊತ್ತಾಗಾಕಿಲ್ಲ ಕಣೇ."

ಆಮೇಲೆ ಹಬ್ಬಗಳಿಗೆ ಬಂದು ಹೋಗುತ್ತಿದ್ದಳು. ಹಾಲ್‌ನ ಕುರ್ಚಿಯಲ್ಲಿ ನೆಂಟರ ಹಾಗೆ ಕೂತು ಕಾಫಿ ಕುಡಿದು, ಎಲ್ಲರನ್ನೂ ನಗಿಸಿ, ಸಂಜೆ ಬಸ್ಸಿಗೆ ಹೊರಡುತ್ತಿದ್ದಳು. ಕೆಲವು ವರ್ಷಗಳ ನಂತರ ಅವಳು ಹೋದ ಸುದ್ದಿ ಬಂತು.

ಚಿಕ್ಕಜಾಲದಲ್ಲಿ ಕಾರ್ಯ ಮುಗಿದ ಸಂಜೆ ನಾವು ಅವಳ ಕೋಣೆ ನೋಡಬೇಕು ಅಂದೆವು. ಮೈದುನನ ಹೆಂಡತಿ ಬೀದಿಗೆ ತೆರೆದ ಜಗಲಿ ತೋರಿಸಿದಳು. ಚಾಪೆ ಅಲ್ಲೇ ಇತ್ತು. "ಒಳಗೆ ಕೋಣೆ ಅದೆ, ಬಾ ಅಂದ್ರೂ ಬರ್ನಿಲ್ಲ. ರಸ್ತೆ ಕಾಣ್ಬೇಕು ಅನ್ನೋಳು," ಅಂದಳು. ಗೋಡೆಯೇ ಇಲ್ಲದ ಜಾಗ. ಚಿಕ್ಕಪ್ಪ ಅಪ್ಪನ ಕಡೆ ತಿರುಗಿ, "ಅಂದ್ರೆ ನಾನು ಮಾಡ್ಸಿದ್ದು ಅವಳಿಗೆ ಬೇಕಾಗಿತ್ತಾ, ಬೇಡ್ವಾಗಿತ್ತಾ?" ಎಂದು ಕೇಳಿದ. ಈಗ ಅವರಿಬ್ಬರೂ ಇಲ್ಲ, ನಮ್ಮ ಮನೆ ನಿಂತಿದ್ದ ಜಾಗದ ಗುರುತೂ ಇಲ್ಲ. ನನಗೆ ಒಂದು ದಿನ ಬೇಕಾಗಿತ್ತು ಅನ್ನಿಸುತ್ತದೆ, ಇನ್ನೊಂದು ದಿನ ಬೇಡವಾಗಿತ್ತು.

ಆವತ್ತು ಚಿಕ್ಕಪ್ಪ ಆ ಚಾಪೆಯ ಪಕ್ಕ ಬಹಳ ಹೊತ್ತು ಕೂತಿದ್ದ. ಹೊಲದಿಂದ ಹಿಂದಿರುಗುತ್ತಿದ್ದ ಹೆಂಗಸರು ಅಭ್ಯಾಸಬಲದಿಂದ ಜಗಲಿಯತ್ತ ಕೈಯೆತ್ತಿ, ಅಲ್ಲಿ ಬೇರೆ ಯಾರೋ ಇರುವುದು ಕಂಡು ಕೈ ಇಳಿಸಿದರು. ಏನು ಮಾಡಬೇಕೆಂದು ತೋಚದೆ, ಚಿಕ್ಕಪ್ಪ ತಾನೂ ಕೈಯೆತ್ತಿದ.